ಕೆಡ್ಡಸದ ಎಣ್ಣೆ

ನಮ್ಮ ಕಡೆಯ ಕ್ಯಾಲೆಂಡರುಗಳಲ್ಲಿ ಫೆಬ್ರವರಿ 10ರ ಆಸುಪಾಸಿನ ಚೌಕವೊಂದರಲ್ಲಿ ಸಣ್ಣ ಅಕ್ಷರದಲ್ಲಿ 'ಕೆಡ್ಡಸ ಆರಂಭ' ಎಂದು ಅಚ್ಚಾಗಿರುತ್ತದೆ. ಅದಕ್ಕೆ ಕೆಂಪು ಶಾಯಿಯಿಲ್ಲ, ರಜೆಯಿಲ್ಲ, ಪಕ್ಕದಲ್ಲಿ ಯಾವ ದೇವರ ಚಿತ್ರವೂ ಇಲ್ಲ. ಘಟ್ಟದ ಮೇಲಿನ ಓದುಗ ಸೋದರಿಯರಿಗೆ ಈ ಹೆಸರೇ ಹೊಸದಿರಬಹುದು. ತುಳುವರ ತಿಂಗಳ ಲೆಕ್ಕದಲ್ಲಿ ಪುಯಿಂತೆಲ್ ಎಂದರೆ ಮಕರ ಮಾಸ. ಅದರ ಕೊನೆಯಲ್ಲಿ, ಕುಂಭ ಸಂಕ್ರಮಣದ ಹೊತ್ತಿಗೆ, ಭೂಮಿತಾಯಿ ಮುಟ್ಟಾಗುತ್ತಾಳೆ ಎಂಬುದು ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಕಡೆಯ ನಂಬಿಕೆ. ಮೊದಲ ಕೆಡ್ಡಸ, ನಡು ಕೆಡ್ಡಸ, ಕಡೆ ಕೆಡ್ಡಸ ಎಂದು ಮೂರು ದಿನ ಆಕೆಗೆ ವಿಶ್ರಾಂತಿ. ನೆಲ ಅಗೆಯಬಾರದು, ಉಳಬಾರದು, ಹಸಿ ಮರ ಕಡಿಯಬಾರದು. ಕಡೆಯ ದಿನ ಮನೆಯ ಹೆಂಗಸರು ಅವಳಿಗೆ ಎಣ್ಣೆ ಬಿಟ್ಟು ಮೀಯಿಸುತ್ತಾರೆ. ಈ ಹಬ್ಬಕ್ಕೆ ಪುರೋಹಿತರು ಬೇಡ, ಮಂತ್ರ ಬೇಡ, ದೇವಸ್ಥಾನಕ್ಕೂ ಹೋಗಬೇಕಾಗಿಲ್ಲ. ಅಂಗಳ ಸಾಕು.

ಹೊರಗೆ ವಸಂತ ಇನ್ನೂ ಪೂರ್ತಿ ಬಂದಿರುವುದಿಲ್ಲ. ಬೆಳಗ್ಗೆ ಮಂಜು ಬೀಳುತ್ತಿರುತ್ತದೆ, ಗೇರು ಮತ್ತು ಮಾವು ಹೂ ಬಿಟ್ಟಿರುತ್ತವೆ. ಇನ್ನು ಕೆಲವೇ ವಾರಗಳಲ್ಲಿ ಸೆಕೆ ಶುರು. ಕೊಯಿಲಿನ ಗಡಿಬಿಡಿ ಮುಗಿದು ನೆಲ ಸ್ವಲ್ಪ ಹೊತ್ತು ಸುಮ್ಮನೆ ಬಿದ್ದುಕೊಳ್ಳುವ ಕಾಲ ಅದು. ಯಾರೋ ಹಿರಿಯ ಬೇಸಾಯಗಾರರು, ಬಹುಶಃ ಬೇಸಾಯಗಾರ್ತಿಯರೇ, ಅದನ್ನು ನೋಡಿ ತಮ್ಮ ಮೈಯ ಭಾಷೆಯಲ್ಲಿ ಹೆಸರಿಟ್ಟಿರಬೇಕು. ಮುಟ್ಟಾದ ಮೇಲಲ್ಲವೇ ಗರ್ಭ, ಫಲ ಎಲ್ಲ?

ನನ್ನ ತವರಿನಲ್ಲಿ ಹಬ್ಬದ ಸುದ್ದಿ ತರುತ್ತಿದ್ದುದು ಕ್ಯಾಲೆಂಡರಲ್ಲ. ನಾಲ್ಕೈದು ದಿನ ಮೊದಲೇ ನಲಿಕೆ ಸಮುದಾಯದ ಹಿರಿಯರೊಬ್ಬರು ಬಂದು ಅಂಗಳದಲ್ಲಿ ನಿಂತು, ಇಂಥ ವಾರದಿಂದ ಇಂಥ ವಾರದವರೆಗೆ ಕೆಡ್ಡಸ, ಹಸಿಯನ್ನು ಕಡಿಯಬೇಡಿ, ಒಣಗಿದ್ದನ್ನು ಮುರಿಯಬೇಡಿ ಎಂದು ರಾಗವಾಗಿ ಸಾರುತ್ತಿದ್ದರು. ಅಜ್ಜಿ ಗೆರಸೆಯಲ್ಲಿ ಅಕ್ಕಿ, ತೆಂಗಿನಕಾಯಿ, ವೀಳ್ಯ ಇಟ್ಟು ಕೊಡುತ್ತಿದ್ದರು. ಆ ಹಿರಿಯರು ಜಗಲಿ ಹತ್ತಿದ್ದನ್ನು ನಾನು ಒಮ್ಮೆಯೂ ಕಂಡದ್ದಿಲ್ಲ. ಭೂಮಿ ಮುಟ್ಟಾದ ಮಂಗಳವಾರ್ತೆಯನ್ನು ತಂದವರು ಅಂಗಳದಲ್ಲಿ, ಮನೆಯೊಳಗೆ ಮುಟ್ಟಾದವರು ಜಗಲಿಯ ಮೂಲೆಯಲ್ಲಿ. ಈ ಎರಡು ಜಾಗಗಳ ನಡುವಿನ ಸಂಬಂಧ ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ.

ನನಗೆ ಹದಿನಾಲ್ಕೋ ಹದಿನೈದೋ ಇದ್ದಾಗಿನ ಒಂದು ಕಡೆ ಕೆಡ್ಡಸ ನೆನಪಿದೆ. ಅಜ್ಜಿ ತುಳಸಿಕಟ್ಟೆಯ ಎದುರು ಸೆಗಣಿ ಸಾರಿಸಿ ಬಾಳೆಲೆ ಹಾಕಿ ಅರಿಸಿನ, ಕುಂಕುಮ, ಸೀಗೆಪುಡಿ, ಬಾಚಣಿಗೆ, ಪುಟ್ಟ ಕನ್ನಡಿ ಎಲ್ಲ ಇಟ್ಟರು. ಹೆಂಗಸೊಬ್ಬಳು ಮಿಂದು ಬಂದರೆ ಏನೇನು ಬೇಕೋ ಅದೆಲ್ಲ. ಆಮೇಲೆ ಗರಿಕೆಯ ಕಟ್ಟಿನಿಂದ ತೆಂಗಿನೆಣ್ಣೆಯನ್ನು ನೆಲಕ್ಕೆ ಬಿಟ್ಟು, ಮಗುವಿನ ನೆತ್ತಿಗೆ ತಟ್ಟುವ ಹಾಗೆ ಅಂಗೈಯಿಂದ ಎರಡು ಸಲ ಮೆಲ್ಲಗೆ ತಟ್ಟಿದರು. ನಾನು ಹೊರಗಾಗಿದ್ದೆ. ದೂರದಲ್ಲಿ ನನ್ನದೇ ಚಾಪೆ, ನನ್ನದೇ ತಟ್ಟೆ, ನನ್ನದೇ ಲೋಟ. ಮುಟ್ಟಾದ ಭೂಮಿಯ ತಲೆ ಸವರಿದ ಅಜ್ಜಿ, ನನ್ನ ನೆರಳು ತಾಗದಂತೆ ಸೆರಗು ಎಳೆದುಕೊಂಡು ಒಳಗೆ ಹೋದರು.

ಅಜ್ಜಿ ಕೆಟ್ಟವರಲ್ಲ. ಆ ದಿನಗಳಲ್ಲಿ ನನಗೆ ಒಂದು ಮುಷ್ಟಿ ನನ್ನೆರಿ ಹೆಚ್ಚೇ ಸಿಗುತ್ತಿತ್ತು. 'ನೀನೂ ಸುಮ್ಮನೆ ಕೂತ್ಕೋ ಮಗಾ, ಭೂಮಿಯೂ ಕೂತಿದ್ದಾಳೆ' ಎನ್ನುತ್ತಿದ್ದರು. ಈ ಮಾತನ್ನು ಹಿಡಿದುಕೊಂಡೇ ಇಂದಿಗೂ ಅನೇಕರು ವಾದಿಸುತ್ತಾರೆ: ಹಿಂದಿನವರು ಹೆಂಗಸರಿಗೆ ಮೂರು ದಿನ ವಿಶ್ರಾಂತಿ ಸಿಗಲಿ ಎಂದೇ ಈ ಪದ್ಧತಿ ಮಾಡಿದ್ದು, ನಾವು ಅದನ್ನು ಮೈಲಿಗೆ ಎಂದು ತಪ್ಪು ತಿಳಿದೆವು ಎಂದು. ನಮ್ಮ ಸ್ಟಾಫ್ ರೂಮಿನಲ್ಲಿ ಇದನ್ನು ಬಹಳ ನಂಬಿಕೆಯಿಂದ ಹೇಳುವ ಸಹೋದ್ಯೋಗಿಗಳಿದ್ದಾರೆ. ಕೇಳಲಿಕ್ಕೆ ಹಿತವಾಗಿದೆ. ಆದರೆ ನಾನು ಕಂಡದ್ದಕ್ಕೆ ಅದು ಹೊಂದುವುದಿಲ್ಲ. ತವರಿನಲ್ಲಿ ಹೊರಗಾದ ಹೆಂಗಸು ಒಲೆಯ ಹತ್ತಿರ ಹೋಗುವಂತಿರಲಿಲ್ಲ, ಸರಿ. ಆದರೆ ಗುಡ್ಡೆಯಿಂದ ಸೊಪ್ಪು ತರಬಹುದಿತ್ತು, ಹಟ್ಟಿಗೆ ಹುಲ್ಲು ಹೊರಬಹುದಿತ್ತು, ಸೌದೆ ಒಟ್ಟಬಹುದಿತ್ತು, ಅಡಿಕೆ ಸುಲಿಯಬಹುದಿತ್ತು. ಚಿಕ್ಕಮ್ಮ ಆ ಮೂರು ದಿನ ಹೊರಗಿನ ಕೆಲಸ ಮಾಡಿ ಮಾಡಿ ಸೋತು, ನಾಲ್ಕನೆಯ ದಿನ ಅಡಿಗೆಮನೆಗೆ ಹೋಗುವುದೇ ವಿಶ್ರಾಂತಿ ಎನ್ನುತ್ತಿದ್ದರು. ನೇಜಿ ನೆಡಲು ಬರುವ ಹೆಂಗಸರನ್ನಂತೂ ಯಾರೂ ಯಾವ ದಿನ ಎಂದು ಕೇಳಿದವರಲ್ಲ. ಇವತ್ತಿಗೂ ಪೇಟೆಯಲ್ಲಿ ಎಷ್ಟೇ ಮಡಿಯ ಮನೆಯಾದರೂ ಪಾತ್ರೆ ತಿಕ್ಕಲು ಬರುವವಳ ಹತ್ತಿರ ಆ ಪ್ರಶ್ನೆ ಕೇಳುವುದಿಲ್ಲ. ಕೇಳಿದರೆ ಪಾತ್ರೆ ತಿಕ್ಕುವವರು ಯಾರು?

ಭೂಮಿಗೆ ಸಿಕ್ಕಿದ್ದು ನಿಜವಾದ ರಜೆ. ಮೂರು ದಿನ ನೇಗಿಲು ಮೂಲೆಯಲ್ಲಿ. ಬೇಟೆಗೆ ಹೋಗುವ ಗಂಡಸರು ಕೆಡ್ಡಸದ ಬೇಟೆ ಎಂದು ಕಾಡಿಗೆ ಹೋಗುತ್ತಿದ್ದುದುಂಟು, ಆದರೆ ಗದ್ದೆಗೆ ಇಳಿಯುತ್ತಿರಲಿಲ್ಲ. ಹೆಣ್ಣಿಗೆ ಸಿಕ್ಕಿದ್ದು ಒಲೆಯಿಂದ ಮತ್ತು ದೇವರಿಂದ ಮಾತ್ರ ಬಿಡುವು, ದುಡಿಮೆಯಿಂದಲ್ಲ.

ಹಾಗೆಂದು ಬೇರೆ ಥರ ಇರಲು ಸಾಧ್ಯವೇ ಇಲ್ಲ ಎನ್ನುವಂತಿಲ್ಲ. ಒಡಿಶಾದಲ್ಲಿ ಜೂನ್ ಮಧ್ಯದಲ್ಲಿ ರಜ ಎಂಬ ಹಬ್ಬ ಬರುತ್ತದೆ. ಅಲ್ಲಿಯೂ ಭೂಮಿ ಮುಟ್ಟಾಗುವುದು, ಮೂರು ದಿನ ನೇಗಿಲು ಹೂಡದಿರುವುದು, ಆಮೇಲೆ ವಸುಮತಿಯ ಸ್ನಾನ. ಆದರೆ ಅಲ್ಲಿ ಭೂಮಿಯ ಜೊತೆ ಮನೆಯ ಹುಡುಗಿಯರಿಗೂ ರಜೆ. ಹೊಸ ಬಟ್ಟೆ ಉಟ್ಟು ಮರಕ್ಕೆ ಕಟ್ಟಿದ ಉಯ್ಯಾಲೆಯಲ್ಲಿ ಜೀಕುವುದೇ ಅವರ ಕೆಲಸ. ಅಸ್ಸಾಮಿನ ಕಾಮಾಖ್ಯದಲ್ಲಿ ಅದೇ ತಿಂಗಳು ಅಂಬುಬಾಚಿಯೆಂದು ಮೂರು ದಿನ ದೇವಸ್ಥಾನದ ಬಾಗಿಲು ಮುಚ್ಚುತ್ತಾರೆ, ತೆರೆದ ಮೇಲೆ ಕೆಂಪು ಬಟ್ಟೆಯ ತುಂಡನ್ನು ಪ್ರಸಾದವೆಂದು ಜನ ಕಣ್ಣಿಗೊತ್ತಿಕೊಂಡು ಒಯ್ಯುತ್ತಾರೆ. ನಮಗೆ ಹತ್ತಿರದ ಕೇರಳದ ಕೆಲವೆಡೆ ನಮ್ಮದೇ ಮಕರ ಮಾಸದ ಕೊನೆಯಲ್ಲಿ ಉಚ್ಚಾರಲ್ ಎಂದು ಆಚರಿಸುತ್ತಾರೆ. ಅದೇ ಕೇರಳದ ಶಬರಿಮಲೆಯ ವಿಷಯದಲ್ಲಿ 2018ರ ಸೆಪ್ಟೆಂಬರ್ 28ರಂದು ಸುಪ್ರೀಂ ಕೋರ್ಟು ಹತ್ತರಿಂದ ಐವತ್ತು ವರ್ಷದ ಹೆಂಗಸರನ್ನು ತಡೆಯಬಾರದೆಂದು ತೀರ್ಪು ಕೊಟ್ಟಾಗ, ನಮ್ಮ ಸ್ಟಾಫ್ ರೂಮಿನಲ್ಲಿ ಎರಡು ವಾರ ಚಹಾ ತಣ್ಣಗಾಯಿತು. ಐದು ಜನ ನ್ಯಾಯಾಧೀಶರ ಪೀಠದಲ್ಲಿ ಬೇರೆ ಅಭಿಪ್ರಾಯ ಬರೆದ ಒಬ್ಬರೇ ಒಬ್ಬರು ಆ ಪೀಠದಲ್ಲಿದ್ದ ಮಹಿಳೆಯೇ ಎಂಬುದನ್ನು ಎರಡೂ ಕಡೆಯವರು ಅವರವರ ಅನುಕೂಲಕ್ಕೆ ತಕ್ಕಂತೆ ಬಳಸಿಕೊಂಡರು.

ನಡುವೆ ಒಂದು ಮಾತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಐರ್ಲೆಂಡಿನಲ್ಲಿ ನರ್ಸ್ ಆಗಿದ್ದಾಳೆ. ಅಲ್ಲಿಯೂ ಫೆಬ್ರವರಿ 1ಕ್ಕೆ ಚಳಿ ಮುಗಿಯುವ ಹಬ್ಬವೊಂದಿದೆಯಂತೆ. ಕುರಿಗಳು ಮರಿಹಾಕಿ ಹಾಲು ಕೊಡಲು ತೊಡಗುವ ಕಾಲದ ಹಳೆಯ ಹಬ್ಬ, ಈಗ ಬ್ರಿಜಿಡ್ ಎಂಬ ಸಂತಳ ಹೆಸರಿನಲ್ಲಿ ನಡೆಯುತ್ತದೆ. ಜೊಂಡುಹುಲ್ಲಿನಿಂದ ಶಿಲುಬೆ ಹೆಣೆದು ಬಾಗಿಲ ಮೇಲೆ ಸಿಕ್ಕಿಸುತ್ತಾರೆ. 2023ರಿಂದ ಅದಕ್ಕೆ ಸರಕಾರಿ ರಜೆಯೂ ಇದೆ. ಅವಳ ಮಗ ಶಾಲೆಯಲ್ಲಿ ಮಾಡಿದ ಶಿಲುಬೆಯ ಫೋಟೋ ಕಳಿಸಿ, 'ಟೀಚರ್, ನಮ್ಮ ಕೆಡ್ಡಸ ಯಾವಾಗ?' ಎಂದು ಕೇಳಿದ್ದಳು. ಇಷ್ಟು ದೂರ ಹೋದರೂ ಹುಡುಗಿಗೆ ಹಬ್ಬ ಮರೆತಿಲ್ಲವಲ್ಲ ಎಂದು ಸಂತೋಷವಾಯಿತು.

ಈಗ ನನ್ನನ್ನು ನಿಜವಾಗಿ ಕಾಡುವ ಪ್ರಶ್ನೆಗೆ ಬರುತ್ತೇನೆ. ಭೂಮಿಗೊಂದು ನ್ಯಾಯ ಹೆಣ್ಣಿಗೊಂದು ನ್ಯಾಯ ಎಂಬುದು ಈಗ ಯಾರಿಗೂ ಹೊಸದಲ್ಲ, ಭಾಷಣ ಸ್ಪರ್ಧೆಯಲ್ಲಿ ಒಂಬತ್ತನೆಯ ತರಗತಿಯ ಮಕ್ಕಳೂ ಹೇಳುತ್ತಾರೆ. ಪ್ರಶ್ನೆ ಬೇರೆ. ಮನೆಯಲ್ಲಿ ಹಿರಿಯರು ನಂಬಿಕೊಂಡು ಬಂದ ಒಂದು ಕಟ್ಟು ನಮಗೆ ಒಪ್ಪಿಗೆಯಾಗದಿದ್ದಾಗ, ಅದನ್ನು ಸದ್ದಿಲ್ಲದೆ ಮುರಿಯುವುದು ಸರಿಯೋ, ಹೇಳಿ ಮುರಿಯುವುದು ಸರಿಯೋ?

ನಮ್ಮ ತಲೆಮಾರಿನ ಪೇಟೆಯ ಹೆಂಗಸರು ಆರಿಸಿಕೊಂಡದ್ದು ಸದ್ದಿಲ್ಲದ ದಾರಿ. ನೀವೂ ಹಾಗೆಯೇ ತಾನೇ? ಹೊರಗೆ ಕೂರಲು ಬಾಡಿಗೆ ಮನೆಯಲ್ಲಿ ಜಗಲಿಯೇ ಇರಲಿಲ್ಲ. ಬೆಳಗ್ಗೆ ಎಂಟೂಮುಕ್ಕಾಲಕ್ಕೆ ಬಸ್ಸು ಹಿಡಿಯಬೇಕು, ಅಷ್ಟರಲ್ಲಿ ಅಡಿಗೆ ಆಗಬೇಕು. ಹಾಗಾಗಿ ಹೇಳುವುದನ್ನು ಬಿಟ್ಟೆವು. ಬಚ್ಚಲು ಮನೆಯೊಳಗೇ ಬಂತು, ಬಟ್ಟೆ ಒಣಗಿಸುವ ಕಷ್ಟ ಪ್ಯಾಡಿನಿಂದ ತಪ್ಪಿತು, ಔಷಧಿ ಅಂಗಡಿಯವನು ಅದನ್ನು ಪೇಪರಿನಲ್ಲಿ ಸುತ್ತಿ ಕಪ್ಪು ಪ್ಲಾಸ್ಟಿಕ್ಕಿಗೆ ಹಾಕಿ ಕೊಟ್ಟ. 2018ರ ಜುಲೈಯಲ್ಲಿ ಅದರ ಮೇಲಿನ ಶೇಕಡಾ 12ರ ಜಿ.ಎಸ್.ಟಿ. ಹೋಯಿತು, ಆದರೆ ಆ ಪೇಪರು ಹೋಗಲಿಲ್ಲ. ಮದುವೆ, ಗೃಹಪ್ರವೇಶ, ಸತ್ಯನಾರಾಯಣ ಪೂಜೆ ಬಂದರೆ ದಿನ ಮುಂದೂಡುವ ಮಾತ್ರೆ. ವೈದ್ಯರನ್ನೂ ಕೇಳದೆ ನೆರೆಮನೆಯವರ ಚೀಟಿ ನೋಡಿ ನುಂಗಿದವರು ಎಷ್ಟು ಮಂದಿಯೋ. ಭೂಮಿತಾಯಿಯೊಬ್ಬಳಿಗೆ ಮಾತ್ರ ಯಾರೂ ಮಾತ್ರೆ ಕೊಟ್ಟಿಲ್ಲ, ಅವಳ ದಿನ ಕ್ಯಾಲೆಂಡರಿನಲ್ಲಿ ಎಲ್ಲರಿಗೂ ಕಾಣುವಂತೆ ಅಚ್ಚಾಗುತ್ತದೆ.

ನಾನೂ ಮದುವೆಯಾಗಿ ಬಂದ ಮೂರು ನಾಲ್ಕು ವರ್ಷದಲ್ಲಿ ಹೇಳುವುದನ್ನು ಬಿಟ್ಟವಳೇ. ಅದರಲ್ಲಿ ಮೋಸಕ್ಕಿಂತ ಮರ್ಯಾದೆಯೇ ಹೆಚ್ಚಿತ್ತು ಎಂದು ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ. ಅತ್ತೆಯವರು ಐವತ್ತು ವರ್ಷ ಅಷ್ಟು ಕಟ್ಟುನಿಟ್ಟಾಗಿ ನಡೆದುಕೊಂಡವರು. ಮಳೆಗಾಲದ ರಾತ್ರಿ ಜಗಲಿಯಲ್ಲಿ ಒದ್ದೆ ಚಾಪೆಯಲ್ಲಿ ಮಲಗಿದವರು. ಅವರ ಎದುರು ನಿಂತು 'ಇದೆಲ್ಲ ಸುಳ್ಳು' ಎಂದರೆ, ನೀವು ಆ ಚಳಿಯಲ್ಲಿ ಮಲಗಿದ್ದು ವ್ಯರ್ಥ ಎಂದು ಹೇಳಿದಂತಲ್ಲವೇ?

2024ರ ಕಡೆ ಕೆಡ್ಡಸದಂದು ಮಗಳು ಊರಲ್ಲಿದ್ದಳು. ಬೆಂಗಳೂರಿನ ಕಂಪೆನಿಯ ಕೆಲಸವನ್ನು ಮನೆಯಿಂದಲೇ ಮಾಡುವ ವ್ಯವಸ್ಥೆ ಅವಳದ್ದು. ಅತ್ತೆಯವರಿಗೆ ಎಂಬತ್ತಮೂರು ದಾಟಿದೆ, ಮೊಣಗಂಟು ಮಡಚುವುದಿಲ್ಲವಾದ್ದರಿಂದ ಕೆಲವು ವರ್ಷಗಳಿಂದ ಎಣ್ಣೆ ಬಿಡುವುದು ನಾನೇ. ನಮ್ಮದು ಹನ್ನೆರಡು ಸೆಂಟ್ಸ್ ಜಾಗ, ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿಸಿಯಾಗಿದೆ. ತುಳಸಿಕಟ್ಟೆಯ ಬುಡದಲ್ಲಿ ಒಂದು ಗೇಣು ಮಣ್ಣು ಉಳಿದಿದೆ, ಅಲ್ಲಿಗೇ ನಮ್ಮ ಭೂಮಿತಾಯಿ. ಪಕ್ಕದ ಸೈಟಿನಲ್ಲಿ ಬೆಳಗ್ಗೆ ಏಳಕ್ಕೇ ಜೆಸಿಬಿ ಗುಡ್ಡೆ ಕೆರೆಯುತ್ತಿತ್ತು. ಅತ್ತೆಯವರ ಒತ್ತಾಯಕ್ಕೆ ನಾನು ಹೋಗಿ ಡ್ರೈವರನಿಗೆ ಹೇಳಿದೆ. ಅವನು ಪಾಪ ದೂರದ ಊರಿನ ಹುಡುಗ, 'ಗಂಟೆ ಲೆಕ್ಕದ ಬಾಡಿಗೆ ಮೇಡಂ' ಎಂದ. ಇನ್ನೇನು ಹೇಳಲಿ?

ಹಿಂದಿರುಗಿ ಬರುವಾಗ ಮಗಳು ಮಿಂದು ಬಂದು ಎಣ್ಣೆಯ ಗಿಂಡಿ ಹಿಡಿದು ನಿಂತಿದ್ದಳು.

'ಅಜ್ಜಿ, ಈ ಸಲ ನಾನು ಎಣ್ಣೆ ಬಿಡ್ತೇನೆ. ನಂಗೂ ನಿನ್ನೆಯಿಂದ ಮುಟ್ಟು. ಭೂಮಿದ್ದೂ ನಂದೂ ಒಟ್ಟಿಗೇ.'

ಅತ್ತೆಯವರು ಸ್ವಲ್ಪ ಹೊತ್ತು ಜಪಮಣಿಯನ್ನೇ ನೋಡುತ್ತಾ ಕುಳಿತರು. ಆಮೇಲೆ, 'ಬಿಡ್ಲಿಕ್ಕೆ ಅಡ್ಡಿ ಇರ್ಲಿಲ್ಲ ಮಗಾ, ಹೇಳ್ಲಿಕ್ಕಿರ್ಲಿಲ್ಲ' ಎಂದರು.

'ಹೇಳದೆ ಬಿಟ್ರೆ ಆಗ್ತಿತ್ತಾ?'

'ಆಗ್ತಿತ್ತು. ನಿನ್ನ ಅಮ್ಮ ಇಷ್ಟು ವರ್ಷ ಹೇಳಿದ್ದಾಳಾ? ನಾನು ಕೇಳಿದ್ದೇನಾ?'

ನನ್ನ ಕೈಯಲ್ಲಿದ್ದ ಬಾಳೆಲೆ ಅಲ್ಲಿಯೇ ನಿಂತಿತು. ಮೂವತ್ತು ವರ್ಷ ನಾನು ಅವರ ಮನಸ್ಸು ನೋಯಬಾರದೆಂದು ಮೌನವಾಗಿದ್ದೆ, ಅವರು ನನ್ನ ಮರ್ಯಾದೆಗೆಂದು ಮೌನವಾಗಿದ್ದರು. ಎರಡು ಕಡೆಯಿಂದಲೂ ಒಂದೇ ಗೋಡೆಗೆ ಸುಣ್ಣ ಬಳಿಯುತ್ತಿದ್ದೆವು.

ಕೊನೆಗೆ ಅತ್ತೆಯವರೇ ಒಂದು ದಾರಿ ಮಾಡಿದರು. ಎಣ್ಣೆಯನ್ನು ಮೊಮ್ಮಗಳು ಬಿಡಲಿ, ತುಳಸಿಗೆ ಕುಂಕುಮ ಇಡುವುದು, ದೀಪ ಹಚ್ಚುವುದು ನಾನು ಮಾಡಲಿ ಎಂದು. 'ಭೂಮಿಗೆ ಎಂಥ ಮೈಲಿಗೆ? ತುಳಸಿ ಬೇರೆ' ಎಂದರು. ಈ ವ್ಯತ್ಯಾಸ ನನಗೆ ತಿಳಿದಂತೆ ಯಾವ ಶಾಸ್ತ್ರದಲ್ಲೂ ಇಲ್ಲ, ಯಾವ ಅಜ್ಜಿಯೂ ಹೇಳಿದ್ದಲ್ಲ, ಆ ಬೆಳಗ್ಗೆ ಅವರೇ ಮಾಡಿದ್ದು. ಮಗಳಿಗೆ ಅದು ಸಾಲಲಿಲ್ಲ. ಎಣ್ಣೆ ಬಿಟ್ಟಳು, ತಟ್ಟಿದಳು, ಆದರೆ ತಿಂಡಿಯ ಹೊತ್ತಿಗೆ ಮತ್ತೆ ಶುರು ಮಾಡಿದಳು: 'ಅಜ್ಜಿ, ತುಳಸಿ ಬೇರೂರಿದ್ದು ಎಲ್ಲಿ? ಭೂಮಿಯಲ್ಲೇ ತಾನೇ?' ನಮ್ಮವರು ಪೇಪರು ಎತ್ತಿಕೊಂಡು ಜಗಲಿಗೆ ಹೋದರು. ಇಂಥ ಹೊತ್ತಿನಲ್ಲಿ ಗಂಡಸರಿಗೆ ಪೇಪರು ಬಹಳ ಉಪಕಾರಿ.

ಆ ದಿನ ಶಾಲೆಗೆ ಹೋಗುವ ದಾರಿಯಲ್ಲಿ, ಬಸ್ಸಿನಲ್ಲಿ ಕುಳಿತು ಯೋಚಿಸಿದೆ. ಮೌನದಿಂದ ನಮಗೆ ಸಿಕ್ಕಿದ್ದು ಸಣ್ಣ ಸ್ವಾತಂತ್ರ್ಯವಲ್ಲ. ಅಡಿಗೆ ಮಾಡಿದೆವು, ನೌಕರಿ ಮಾಡಿದೆವು, ಮನೆಯಲ್ಲಿ ಜಗಳವಾಗಲಿಲ್ಲ. ಆದರೆ ಆ ಸ್ವಾತಂತ್ರ್ಯ ಸಿಕ್ಕಿದ್ದು ಮುಚ್ಚಿಡಲು ಶಕ್ತಿಯಿದ್ದವರಿಗೆ ಮಾತ್ರ. ಸ್ವಂತ ಬಚ್ಚಲು, ಸ್ವಂತ ಸಂಬಳ, ದಿನದ ಲೆಕ್ಕ ತಿಳಿಯುವ ವಯಸ್ಸು ಇದ್ದವರಿಗೆ. ಏಳನೆಯ, ಎಂಟನೆಯ ತರಗತಿಯ ಹುಡುಗಿಗೆ ಅದಿಲ್ಲ. ಅವಳ ಸಂಗತಿ ಮೊದಲ ದಿನವೇ ಇಡೀ ಕೇರಿಗೆ ಗೊತ್ತಾಗುತ್ತದೆ, ತಾಯಿಯೇ ಲೆಕ್ಕ ಇಡುತ್ತಾಳೆ. ತಾನು ಯಾರಿಗೂ ಹೇಳದೆ ಒಲೆ ಹಚ್ಚುವ ತಾಯಿ, ಮಗಳನ್ನು ಮಾತ್ರ ಚಾಪೆಯ ಮೇಲೆ ಕೂರಿಸುತ್ತಾಳೆ, ಏಕೆಂದರೆ ನಾಲ್ಕು ಜನ ನೋಡುತ್ತಾರೆ. ತಿಂಗಳಿಗೆ ಮೂರು ದಿನ ಬಾರದ ಹುಡುಗಿಯರ ಹಾಜರಿ ಪುಸ್ತಕ ನನ್ನ ಮೇಜಿನ ಮೇಲಿದೆ. ಕಾರಣದ ಕಾಲಮಿನಲ್ಲಿ 'ಜ್ವರ' ಎಂದಿರುತ್ತದೆ. ಬರೆದವಳು ನಾನೇ, ಹುಡುಗಿ ಹಾಗೆಯೇ ಹೇಳುವುದು. ನಮ್ಮ ಮೌನವನ್ನು ಅವಳು ಅಷ್ಟು ಬೇಗ ಕಲಿತುಬಿಡುತ್ತಾಳೆ. ಹಾಗಾಗಿ ಮಗಳ ಕಡೆಗೇ ನನ್ನ ಮನಸ್ಸು ವಾಲುತ್ತದೆ. ಹೇಳಬೇಕು. ಹಿರಿಯರಿಗೆ ನೋವಾದರೆ ಆಗಲಿ ಎಂದಲ್ಲ. ನಾವು ತಿಳಿದಷ್ಟು ನೋವು ಅವರಿಗೆ ಆಗುವುದಿಲ್ಲ, ಆದರೂ ತಡೆದುಕೊಳ್ಳುವಷ್ಟು ಗಟ್ಟಿ ಅವರಿರುತ್ತಾರೆ. ಒದ್ದೆ ಚಾಪೆಯಲ್ಲಿ ಮಲಗಿದವರಲ್ಲವೇ?

2025ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ, ದುಡಿಯುವ ಹೆಂಗಸರಿಗೆ ತಿಂಗಳಿಗೆ ಒಂದು ದಿನ ಸಂಬಳ ಸಹಿತ ಮುಟ್ಟಿನ ರಜೆ ಕೊಡಲು ಒಪ್ಪಿತು. ಬಿಹಾರದಲ್ಲಿ ಸರಕಾರಿ ನೌಕರಿಯ ಹೆಂಗಸರಿಗೆ 1992ರಿಂದಲೇ ಎರಡು ದಿನದ ರಜೆಯಿದೆ. ಸುದ್ದಿ ಓದಿ ಸ್ಟಾಫ್ ರೂಮಿನಲ್ಲಿ ಮೊದಲು ಬಂದ ಮಾತು ವಿಶ್ರಾಂತಿಯದ್ದಲ್ಲ. 'ಅರ್ಜಿಯಲ್ಲಿ ಕಾರಣ ಬರೀಬೇಕಾ? ಹೆಡ್‌ಮಾಸ್ಟ್ರಿಗೆ ಕೊಡೋದು ಹೇಗೆ ಮಾರಾಯ್ತಿ?' ಎಂಬುದು. ನೋಡಿ, ಇಲ್ಲಿಯೂ ಪ್ರಶ್ನೆ ಹೇಳುವುದರದ್ದೇ. ಮುಟ್ಟು ನಿಂತು ಮೂರು ವರ್ಷವಾದ ನಾನು, ನಿಮ್ಮೆಲ್ಲರ ಪರವಾಗಿ ನಾನೇ ಕೊಂಡುಹೋಗಿ ಕೊಡುತ್ತೇನೆ ಎಂದೆ. ಎಲ್ಲರೂ ನಕ್ಕರು. ಆದರೆ ಮರುತಿಂಗಳು ಕಿರಿಯ ಟೀಚರೊಬ್ಬಳು ನಿಜವಾಗಿಯೂ ಅರ್ಜಿಯನ್ನು ನನ್ನ ಕೈಗೆ ತಂದುಕೊಟ್ಟಳು. ಹೆಡ್‌ಮಾಸ್ಟರು ಓದಿದರು, ಕನ್ನಡಕ ತೆಗೆದು ಒರೆಸಿದರು, ಸಹಿ ಹಾಕಿದರು.

ಈ ವರ್ಷ ಮಗಳು ಬರಲಾಗಲಿಲ್ಲ. ಹಬ್ಬಕ್ಕೆ ವಾರ ಇರುವಾಗ ಮೇಸ್ತ್ರಿಯನ್ನು ಕರೆಸಿ, ತುಳಸಿಕಟ್ಟೆಯ ಸುತ್ತಲಿನ ಎರಡು ಸಾಲು ಇಂಟರ್‌ಲಾಕ್ ಕಲ್ಲು ತೆಗೆಸಲು ಅತ್ತೆಯವರೇ ಹೇಳಿದರು. ಅಡಿಯಲ್ಲಿ ಬರೀ ಜಲ್ಲಿಪುಡಿ. ಅದನ್ನು ಬಾಚಿ ತೋಟದವರ ಹತ್ತಿರ ಎರಡು ಬುಟ್ಟಿ ಮಣ್ಣು ತರಿಸಿ ಹಾಕಿದೆವು. ಮಗಳು ಫೋನಿನಲ್ಲಿ ನನ್ನೆರಿ ಮಾಡುವ ಕ್ರಮ ಕೇಳಿದಳು, ಅಲ್ಲಿಯೇ ಗೆಳತಿಯರಿಗೆ ಮಾಡಿ ಕೊಡುತ್ತಾಳಂತೆ. ಅತ್ತೆಯವರು ಹೇಳುತ್ತಾ ಹೋದರು, ನಾನು ಬರೆದುಕೊಂಡೆ: ಒಂದು ಸೇರು ಕುಚ್ಚಲಕ್ಕಿ, ಕಾಲು ಸೇರು ಹುರುಳಿ, ಬೇರೆ ಬೇರೆಯಾಗಿ ಹುರಿಯಬೇಕು. ಅಕ್ಕಿ ಅರಳುವ ತನಕ, ಹುರುಳಿ ಪರಿಮಳ ಬರುವ ತನಕ, ಕಪ್ಪಾಗಬಾರದು. ಸ್ವಲ್ಪ ಎಳ್ಳು. ಬಿಸಿ ಆರಿದ ಮೇಲೆ ಪುಡಿ ಮಾಡಿ ಬೆಲ್ಲ, ತೆಂಗಿನತುರಿ ಸೇರಿಸುವುದು. ಮಿಕ್ಸಿಯಲ್ಲಾದರೆ ತಡೆದು ತಡೆದು ತಿರುಗಿಸಬೇಕು, ತೀರಾ ನುಣ್ಣಗಾದರೆ ಬಾಯಿಗೆ ಅಂಟುತ್ತದೆ. ತೆಂಗಿನತುರಿ ಹಾಕಿದ್ದನ್ನು ಅದೇ ದಿನ ತಿಂದು ಮುಗಿಸಬೇಕು.